ಹುಲ್ಲಿನಿಂದ ತೋಳದವರೆಗೆ: ಶಕ್ತಿಯ ಹರಿವನ್ನು ಬೋಧಿಸುವ ಬಗೆ

ಹುಲ್ಲು, ಚಿಗರಿ, ತೋಳ ಎಂಬ ಮೂರು ಹೆಸರುಗಳನ್ನು ಕ್ರಮವಾಗಿ ಬರೆಯುವ ವಿದ್ಯಾರ್ಥಿಯು ಬಾಣದ ಮೊನೆಯನ್ನು ಮಾತ್ರ ಹಲವು ಸಲ ತೋಳದಿಂದ ಚಿಗರಿಯ ಕಡೆಗೆ ತಿರುಗಿಸಿರುತ್ತಾನೆ. ತೋಳವು ಚಿಗರಿಯನ್ನು ಬೆನ್ನಟ್ಟುತ್ತದೆ, ಆದ್ದರಿಂದ ಬಾಣವೂ ಆ ಕಡೆಗೇ ಎಂಬುದು ಅವನ ತರ್ಕ. ಇದನ್ನು ಅಜಾಗ್ರತೆಯೆಂದು ಭಾವಿಸಿ ಕೆಂಪು ಗೆರೆ ಎಳೆದರೆ ಪ್ರಯೋಜನವಿಲ್ಲ. ಬಾಣವು ಬೇಟೆಯ ದಿಕ್ಕನ್ನಲ್ಲ, ಶಕ್ತಿ ಸಾಗುವ ದಿಕ್ಕನ್ನು ತೋರಿಸುತ್ತದೆ ಎಂಬುದನ್ನು ಆಹಾರ ಸರಪಳಿಯ ಮೊದಲ ಪಾಠದಲ್ಲಿಯೇ ಹೇಳಬೇಕು.

ಗಡಿನಾಡಿನ ಮಕ್ಕಳಿಗೆ ಇಲ್ಲಿ ಇನ್ನೊಂದು ತೊಡಕುಂಟು. ಕನ್ನಡದಲ್ಲಿ ‘ಶಕ್ತಿ’ ಎಂದರೆ ಬಲವೂ ಹೌದು. ಆದುದರಿಂದ ‘ಈ ಸರಪಳಿಯಲ್ಲಿ ಯಾರಲ್ಲಿ ಹೆಚ್ಚು ಶಕ್ತಿ ಇದೆ?’ ಎಂದು ಕೇಳಿದರೆ ‘ತೋಳದಲ್ಲಿ’ ಎಂಬ ಉತ್ತರ ಬರುವುದು ಸಹಜ. ಸೊಲ್ಲಾಪುರ, ಅಕ್ಕಲಕೋಟೆಗಳ ಶಿಕ್ಷಕರು ಮರಾಠಿಯ ‘ಊರ್ಜಾ’ ಎಂಬ ಪದವನ್ನು, ಕಾಸರಗೋಡಿನವರು ಮಲಯಾಳದ ‘ಊರ್ಜಂ’ ಎಂಬುದನ್ನು, ತಾಳವಾಡಿಯವರು ತಮಿಳಿನ ‘ಆಟ್ರಲ್’ ಎಂಬುದನ್ನು ಒಮ್ಮೆ ಪಕ್ಕದಲ್ಲಿಟ್ಟು ತೋರಿಸಿದರೆ ಗೊಂದಲ ಬಹುಮಟ್ಟಿಗೆ ತಿಳಿಯಾಗುತ್ತದೆ. ಮಗು ಹೊರಗೆ ಕೇಳುವ ಭಾಷೆಯು ಕನ್ನಡ ಪಾಠಕ್ಕೆ ಅಡ್ಡಿಯೇ ಆಗಬೇಕೆಂದಿಲ್ಲ.

ಉದಾಹರಣೆಯನ್ನು ಸಮೀಪದಿಂದಲೇ ಆರಿಸಿಕೊಳ್ಳುವುದು ಉತ್ತಮ. ಸೊಲ್ಲಾಪುರದ ಬಳಿಯ ನಾನ್ನಜದ ಒಣ ಹುಲ್ಲುಗಾವಲು 1979ರಲ್ಲಿ ಮಾಳಢೋಕ ಎಂಬ ದೊಡ್ಡ ನೆಲಹಕ್ಕಿಗಾಗಿ ಅಭಯಾರಣ್ಯವಾಯಿತು. ಅಲ್ಲಿ ಚಿಗರಿಗಳೂ ತೋಳಗಳೂ ಇವೆ. ಕಡತಗಳಲ್ಲಿ ಇಂಥ ನೆಲವನ್ನು ಬಂಜರು ಎಂದು ಬರೆಯುವ ರೂಢಿ ಇನ್ನೂ ಹೋಗಿಲ್ಲ. ಶಕ್ತಿಯ ಲೆಕ್ಕದಲ್ಲಿ ಅದು ಬಂಜರಲ್ಲವೆಂಬುದನ್ನು ಮಕ್ಕಳು ತಿಳಿಯುವುದು ಈ ಪಾಠದ ದೊಡ್ಡ ಫಲ. ಕಾಸರಗೋಡಿನಲ್ಲಿ ಗದ್ದೆಯ ಮಿಡತೆ, ಕಪ್ಪೆ, ಕೇರೆ ಹಾವುಗಳಿಂದಲೂ ಇದೇ ಪಾಠವನ್ನು ಕಟ್ಟಬಹುದು.

ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಹುಲ್ಲು ಹಿಡಿದಿಡುವುದು ಸಾಮಾನ್ಯವಾಗಿ ನೂರರಲ್ಲಿ ಒಂದೆರಡು ಪಾಲು, ಹಲವು ಕಡೆ ಅದಕ್ಕೂ ಕಡಿಮೆ. ಹುಲ್ಲೆಲ್ಲವೂ ಚಿಗರಿಯ ಹೊಟ್ಟೆ ಸೇರುವುದಿಲ್ಲ: ಮಿಡತೆಗೆ ಒಂದು ಪಾಲು, ಒಣಗಿ ಬಿದ್ದುದು ಗೆದ್ದಲಿಗೆ. ತಿಂದುದರಲ್ಲಿ ಜೀರ್ಣವಾಗದ ಭಾಗವು ಹಿಕ್ಕೆಯಾಗಿ ಹೊರಬೀಳುತ್ತದೆ. ಜೀರ್ಣವಾದುದರಲ್ಲಿಯೂ ಬಹುಪಾಲು ಉಸಿರಾಟ, ಓಟ ಮತ್ತು ಮೈ ಬೆಚ್ಚಗಿಡುವ ಕೆಲಸಕ್ಕೆ ವ್ಯಯವಾಗಿ ಶಾಖರೂಪದಲ್ಲಿ ಹೊರಟುಹೋಗುತ್ತದೆ. ಉಳಿದು ಮಾಂಸವಾದ ಅಲ್ಪ ಭಾಗವಷ್ಟೇ ತೋಳಕ್ಕೆ ದೊರಕಬಲ್ಲದು. ಮೈ ಬಿಸಿ ಕಾಯ್ದುಕೊಳ್ಳಬೇಕಿಲ್ಲದ ಮಿಡತೆಯು ಜೀರ್ಣಿಸಿಕೊಂಡುದರಲ್ಲಿ ಚಿಗರಿಗಿಂತ ಬಹಳ ಹೆಚ್ಚಿನ ಪಾಲನ್ನು ತನ್ನ ದೇಹವಾಗಿಸಿಕೊಳ್ಳುತ್ತದೆ. ಮಿಡತೆ ತಿನ್ನುವ ಹಕ್ಕಿಗೆ ಇದು ಲಾಭ.

‘ಪ್ರತಿ ಹಂತದಲ್ಲಿ ಶೇ. 10 ಮಾತ್ರ’ ಎಂಬ ಪಠ್ಯಪುಸ್ತಕದ ಮಾತನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಈ ವಿಚಾರವನ್ನು ಅಳತೆಗೆ ಒಳಪಡಿಸಿದವರು ಅಮೆರಿಕದ ರೇಮಂಡ್ ಲಿಂಡೆಮನ್. ಮಿನ್ನೆಸೋಟದ ಒಂದು ಸಣ್ಣ ಸರೋವರವನ್ನು ಅವರು ವರ್ಷಗಟ್ಟಲೆ ಅಭ್ಯಸಿಸಿದರು. ಅವರ ಪ್ರಬಂಧವು 1942ರಲ್ಲಿ ಅಚ್ಚಾಗುವ ಮೊದಲೇ, ಇಪ್ಪತ್ತಾರರ ಹರೆಯದಲ್ಲಿ, ಅವರು ತೀರಿಕೊಂಡಿದ್ದರು. ಆ ಸರೋವರದಲ್ಲಿ ಅವರಿಗೆ ದೊರೆತ ಪ್ರಮಾಣವು ಸಸ್ಯಾಹಾರಿಗಳ ಹಂತಕ್ಕೆ ಸುಮಾರು ಶೇ. 13, ಅವುಗಳನ್ನು ತಿನ್ನುವವುಗಳ ಹಂತಕ್ಕೆ ಸುಮಾರು ಶೇ. 22. ಶೇ. 10 ಎಂಬುದು ಲೆಕ್ಕಕ್ಕೆ ಅನುಕೂಲವಾದ ಸರಾಸರಿ, ನಿಸರ್ಗದ ಕಟ್ಟಳೆಯಲ್ಲ. ಪರೀಕ್ಷೆಗೆ ಶೇ. 10ನ್ನೇ ಬಳಸಲಿ, ಆದರೆ ಈ ವ್ಯತ್ಯಾಸವನ್ನು ಶಿಕ್ಷಕರು ಒಂದು ಮಾತಿನಲ್ಲಾದರೂ ಹೇಳಿರಲಿ.

ತರಗತಿಯಲ್ಲಿ ಒಂದು ಲೀಟರ್ ನೀರು ಸಾಕು. ಅದನ್ನು ಹುಲ್ಲೆಂದು ಕರೆದು, 100 ಮಿಲಿಲೀಟರನ್ನು ‘ಚಿಗರಿ’ಯ ಲೋಟಕ್ಕೆ, ಅದರಿಂದ 10 ಮಿಲಿಲೀಟರನ್ನು ‘ತೋಳ’ದ ಬಟ್ಟಲಿಗೆ ಹಾಕಿಸಬೇಕು. ಬಟ್ಟಲಿನ ತಳ ನೋಡಿದ ಮಕ್ಕಳು, ತೋಳಗಳು ಏಕೆ ವಿರಳ, ತೋಳವನ್ನೇ ಬೇಟೆಯಾಡಿ ಬದುಕುವ ಪ್ರಾಣಿ ಏಕಿಲ್ಲ ಎಂಬ ಪ್ರಶ್ನೆಗಳಿಗೆ ತಾವೇ ಉತ್ತರ ಹುಡುಕತೊಡಗುತ್ತಾರೆ. ಈ ಮಾದರಿಗೆ ಒಂದು ಕೊರತೆಯಿದೆ: ಚೆಲ್ಲಿದ ನೀರು ಆವಿಯಾಗಿ ಮಳೆಯಾಗಿ ಮರಳುತ್ತದೆ, ವ್ಯಯವಾದ ಶಾಖವು ಹುಲ್ಲಿಗೆ ಮರಳದು. ಚಟುವಟಿಕೆ ಮುಗಿದೊಡನೆ ಇದನ್ನು ಹೇಳದಿದ್ದರೆ ಮಕ್ಕಳು ಶಕ್ತಿಗೂ ಒಂದು ಚಕ್ರವನ್ನು ಕಲ್ಪಿಸಿಕೊಳ್ಳುತ್ತಾರೆ.

ಆ ಕಲ್ಪನೆ ಬೇರೂರಿದೆಯೇ ಎಂದು ತಿಳಿಯಲು ಒಂದು ಪ್ರಶ್ನೆ ಕೊಡಬಹುದು: ‘ಸಗಣಿ ಗೊಬ್ಬರವಾಗಿ ಹೊಲಕ್ಕೆ ಮರಳುತ್ತದೆ, ಅದರಲ್ಲಿದ್ದ ಶಕ್ತಿಯೂ ಬೆಳೆಗೆ ಮರಳುತ್ತದೆಯೇ?’ ಸಾರಜನಕ, ರಂಜಕಗಳಂಥ ಪೋಷಕಾಂಶಗಳು ಮರಳುತ್ತವೆ, ಬೆಳೆಗೆ ಬೇಕಾದ ಶಕ್ತಿ ಬಿಸಿಲಿನಿಂದಲೇ ಹೊಸದಾಗಿ ಬರಬೇಕು ಎಂಬ ಉತ್ತರಕ್ಕೆ ಪೂರ್ಣ ಅಂಕ. ‘ಹೌದು’ ಎಂದು ಬರೆದವರನ್ನು ಚಳಿಗಾಲದ ಒಂದು ಮುಂಜಾನೆ ಊರಿನ ತಿಪ್ಪೆಯ ಬಳಿಗೆ ಕರೆದೊಯ್ಯುವುದು ಲೇಸು. ಹಸಿ ಗೊಬ್ಬರದ ಒಡಲಲ್ಲಿ ಉಷ್ಣತಾಮಾಪಕವನ್ನು ಸ್ವಲ್ಪ ಹೊತ್ತು ಇರಿಸಿ, ಹೊರಗಿನ ಗಾಳಿಯ ಉಷ್ಣತೆಯೊಡನೆ ಹೋಲಿಸಿ ಮಕ್ಕಳೇ ಬರೆದುಕೊಳ್ಳಲಿ. ಸಗಣಿಯಲ್ಲಿದ್ದ ಶಕ್ತಿಯನ್ನು ಸೂಕ್ಷ್ಮಜೀವಿಗಳು ಬಳಸಿಕೊಂಡು ಹೊರಬಿಡುತ್ತಿರುವ ಶಾಖವೇ ಆ ಅಂತರ.