ಆನರ್ಸ್ ಪದವಿ: ಸೇರುವ ಮೊದಲು

ಉತ್ತರ ಕನ್ನಡ ಜಿಲ್ಲೆಯ ಕಡಲಂಚಿನಲ್ಲಿ ಕುಮಟಾ, ಹೊನ್ನಾವರ, ಭಟ್ಕಳ ಎಂಬ ಮೂರು ಊರುಗಳು ಉತ್ತರದಿಂದ ದಕ್ಷಿಣಕ್ಕೆ ಸಾಲಾಗಿವೆ. ಈ ಸೀಮೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಇಲ್ಲಿ ಮೆಟ್ರಿಕ್ ಮುಗಿಸಿದವರು ಮುಂದೆ ಓದಬೇಕಾದರೆ ಘಟ್ಟವನ್ನೇರಿ ಧಾರವಾಡಕ್ಕೆ ಹೋಗಬೇಕಾಗಿತ್ತು, ಇಲ್ಲವೆ ಮುಂಬಯಿಯಂಥ ದೂರದ ಊರನ್ನು ಸೇರಬೇಕಾಗಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಸ್ಥಾಪನೆಯಾಯಿತು. ಮುಂದೆ ಈ ಮೂರೂ ಊರುಗಳಲ್ಲಿ ಕಾಲೇಜುಗಳು ನೆಲೆಗೊಂಡುವು. ಕುಮಟಾದ ಡಾ. ಎ. ವಿ. ಬಾಳಿಗಾ ಕಾಲೇಜು, ಹೊನ್ನಾವರದ ಎಸ್. ಡಿ. ಎಂ. ಕಾಲೇಜು, ಭಟ್ಕಳದ ಅಂಜುಮನ್ ಕಾಲೇಜು ಇವು ಪದವಿ ಶಿಕ್ಷಣವನ್ನು ಮನೆಯ ಬಾಗಿಲಿಗೇ ತಂದುವು. ಆದರೆ ಈಗಿನ ವಿದ್ಯಾರ್ಥಿಯ ಮುಂದೆ ಇನ್ನೊಂದು ಪ್ರಶ್ನೆ ಇದೆ. ಊರಿನ ಬಳಿಯ ಮೂರು ವರ್ಷಗಳ ಪದವಿ ಸಾಕೇ? ಅಥವಾ ನಾಲ್ಕು ವರ್ಷಗಳ ಆನರ್ಸ್ ಪದವಿಗೆ ಸೇರಬೇಕೇ?

ಆನರ್ಸ್ ಎಂಬುದು ನಮ್ಮ ನಾಡಿಗೆ ಹೊಸ ಮಾತಲ್ಲ. 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾಲಯದಲ್ಲಿ ಹಿಂದೆ ಬಿ. ಎ. ಆನರ್ಸ್ ತರಗತಿಗಳಿದ್ದುವು. ಅಲ್ಲಿ ಕನ್ನಡ ಆನರ್ಸ್ ಓದಿದ ಹಲವರು ಮುಂದೆ ಅಧ್ಯಾಪಕರೂ ಸಾಹಿತಿಗಳೂ ಆದರು. ಈ ಶಬ್ದಕ್ಕೆ ಗೌರವವೆಂಬ ಅರ್ಥವಿರುವುದರಿಂದ ಇದನ್ನು ಒಂದು ಬಿರುದೆಂದು ತಿಳಿಯುವವರುಂಟು. ವಾಸ್ತವವಾಗಿ ಇದು ಓದಿನ ಒಂದು ಕ್ರಮ. ಹಲವು ವಿಷಯಗಳನ್ನು ಸ್ವಲ್ಪ ಸ್ವಲ್ಪ ತಿಳಿಯುವುದಕ್ಕಿಂತ ಒಂದು ವಿಷಯದ ಆಳಕ್ಕೆ ಇಳಿಯುವುದೇ ಇದರ ಗುರಿ.

ಕರ್ನಾಟಕದ ಕಾಲೇಜುಗಳಲ್ಲಿ 2021-22ರಲ್ಲಿ ನಾಲ್ಕು ವರ್ಷಗಳ ಆನರ್ಸ್ ಪದ್ಧತಿಯು ಜಾರಿಗೆ ಬಂದಿತು. ರಾಜ್ಯ ಸರಕಾರವು 2024-25ರಿಂದ ಮೂರು ವರ್ಷಗಳ ಪದವಿಗೆ ಮರಳಿತು. ಆದುದರಿಂದ ಈಗ ಆನರ್ಸ್ ಬಯಸುವ ಕರಾವಳಿಯ ವಿದ್ಯಾರ್ಥಿಯು ಸಾಮಾನ್ಯವಾಗಿ ಊರು ಬಿಡಬೇಕಾಗುತ್ತದೆ. ಹತ್ತಿರದಲ್ಲಿ ಹುಡುಕಿದರೆ, ದೇವಿಮನೆ ಘಟ್ಟದ ಮೇಲೆ ಶಿರಸಿಯ ಅರಣ್ಯ ಮಹಾವಿದ್ಯಾಲಯವಿದೆ. ಅಲ್ಲಿನ ಅರಣ್ಯಶಾಸ್ತ್ರದ ಬಿ. ಎಸ್ಸಿ. ಆನರ್ಸ್ ನಾಲ್ಕು ವರ್ಷಗಳದು. ದೂರದಲ್ಲಿ ಬೆಂಗಳೂರು, ದಿಲ್ಲಿ ಮುಂತಾದ ಕಡೆಗಳ ವಿಶ್ವವಿದ್ಯಾಲಯಗಳಿವೆ.

ಆಳಕ್ಕೆ ಇಳಿಯುವುದೆಂದರೇನು? ಒಂದು ಉದಾಹರಣೆಯನ್ನು ನೋಡೋಣ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿಯು ಕಡಲನ್ನು ಸೇರುವ ಕಡೆ ಗಜನಿ ಭೂಮಿಗಳಿವೆ. ಅಲ್ಲಿ ಉಪ್ಪುನೀರನ್ನು ತಡೆದುಕೊಂಡು ಬೆಳೆಯುವ ಕಗ್ಗ ಎಂಬ ಭತ್ತದ ತಳಿಯುಂಟು. ಉಪ್ಪು ಹೆಚ್ಚಾದರೆ ಬೇರಿಗೆ ನೀರು ಹೀರುವುದು ಕಷ್ಟವಾಗುತ್ತದೆಂದು ಸಸ್ಯಶಾಸ್ತ್ರದ ಪ್ರತಿಯೊಬ್ಬ ವಿದ್ಯಾರ್ಥಿಯೂ ಪುಸ್ತಕದಲ್ಲಿ ಓದುತ್ತಾನೆ. ಹಾಗಾದರೆ ಕಗ್ಗ ಹೇಗೆ ಬದುಕುತ್ತದೆ? ಆನರ್ಸಿನ ಕೊನೆಯ ವರ್ಷದಲ್ಲಿ ಸಂಶೋಧನೆಯನ್ನು ಕೈಗೊಂಡವಳು ಗಜನಿಗೇ ಇಳಿದು, ಮಣ್ಣನ್ನು ತಂದು, ಉಪ್ಪನ್ನು ಅಳೆದು, ಬೇರನ್ನು ಪರೀಕ್ಷಿಸಿ, ತಾನು ಕಂಡುದನ್ನು ಬರೆದಿಡುವಳು. ಅಂಥ ಪ್ರಶ್ನೆಯು ಯಾರನ್ನು ಕಾಡುವುದೋ ಅವರಿಗೆ ನಾಲ್ಕನೆಯ ವರ್ಷವು ಭಾರವಾಗದು.

ಇನ್ನು ಕಾಲದ ಲೆಕ್ಕ. ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರಲ್ಲಿ ಹೊರಡಿಸಿದ ಚೌಕಟ್ಟಿನಂತೆ ಮೂರು ವರ್ಷಗಳ ಪದವಿಗೆ 120, ಆನರ್ಸಿಗೆ 160 ಕ್ರೆಡಿಟ್ಟುಗಳು ಬೇಕು. ಸಂಶೋಧನೆಯೊಡನೆ ಆನರ್ಸ್ ಪಡೆಯಲು ಮೊದಲ ಆರು ಸೆಮಿಸ್ಟರುಗಳಲ್ಲಿ ಶೇಕಡ 75 ಅಂಕಗಳಿರಬೇಕು. ಮೂರು ವರ್ಷ ಓದಿದವರಿಗೆ ಸ್ನಾತಕೋತ್ತರ ಪದವಿ ಎರಡು ವರ್ಷ. ಆನರ್ಸ್ ಮುಗಿಸಿದವರಿಗೆ ಒಂದು ವರ್ಷ. ಎರಡು ದಾರಿಗಳೂ ಐದು ವರ್ಷಕ್ಕೇ ಮುಗಿಯುತ್ತವೆ. ಆದರೆ ಒಂದು ವರ್ಷದ ಆ ತರಗತಿ ತಾನು ಬಯಸಿದ ವಿಶ್ವವಿದ್ಯಾಲಯದಲ್ಲಿ ಇದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು. ಪದವಿಯ ನಂತರ ಕೂಡಲೇ ಉದ್ಯೋಗಕ್ಕೆ ಸೇರುವವರ ಲೆಕ್ಕವೇ ಬೇರೆ. ಅವರಿಗೆ ಆನರ್ಸ್ ಎಂದರೆ ಒಂದು ವರ್ಷದ ಸಂಪಾದನೆ ತಡವಾದಂತೆ. ಕೇಂದ್ರ ನಾಗರಿಕ ಸೇವಾ ಪರೀಕ್ಷೆಗೂ ಅಂಗೀಕೃತ ಪದವಿಯೊಂದಿದ್ದರೆ ಸಾಕು. ಆನರ್ಸೇ ಬೇಕೆಂಬ ನಿಯಮವಿಲ್ಲ.

ಮನೆಯ ಲೆಕ್ಕವನ್ನೂ ಮರೆಯಲಾಗದು. ಮೀನುಗಾರಿಕೆಯನ್ನೋ ಸಣ್ಣ ಅಡಿಕೆ ತೋಟವನ್ನೋ ನಂಬಿದ ಮನೆಯಲ್ಲಿ, “ಇನ್ನೊಂದು ವರ್ಷ ಓದಿದರೆ ಏನು ಬಂದಂತಾಯಿತು, ಮಗಳೇ?” ಎಂದು ತಂದೆ ಕೇಳಿದರೆ ಅದು ಓದಿನ ಬಗೆಗಿನ ತಾತ್ಸಾರವಲ್ಲ. ಹಾಸ್ಟೆಲಿನ ಖರ್ಚು, ತಮ್ಮನ ಶಾಲೆ, ತೀರದ ಸಾಲ ಇವೆಲ್ಲವೂ ಆ ಮಾತಿನ ಹಿಂದೆ ಇರುತ್ತವೆ. ಮಗಳು ಸಿಟ್ಟಾಗದೆ, ಶುಲ್ಕವೆಷ್ಟು, ವಿದ್ಯಾರ್ಥಿವೇತನ ದೊರೆಯುವುದೇ, ಮುಂದೆ ಏನನ್ನು ಓದುವೆನು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು ತಂದೆಯ ಮುಂದಿಡಬೇಕು. ಹಾಳೆಯಲ್ಲಿ ಬರೆದ ಲೆಕ್ಕವನ್ನು ಇಬ್ಬರೂ ಕೂಡಿ ನೋಡಬಹುದು; ಮನಸ್ಸಿನಲ್ಲಿಯೇ ಉಳಿದ ಲೆಕ್ಕವು ಜಗಳಕ್ಕೆ ಕಾರಣವಾಗುತ್ತದೆ.

ಗೆಳೆಯರು ಸೇರಿದರೆಂದು ಆನರ್ಸಿಗೆ ಸೇರುವುದು ಸರಿಯಲ್ಲ. ದೂರದ ಊರೆಂದು ಅಂಜಿ ಬಿಡುವುದೂ ಸರಿಯಲ್ಲ. “ಪರೀಕ್ಷೆಯೇ ಇಲ್ಲದಿದ್ದರೂ ನಾನು ಈ ವಿಷಯವನ್ನು ಓದುವೆನೇ?” ಎಂದು ತನ್ನನ್ನು ತಾನೇ ಕೇಳಿಕೊಳ್ಳಬೇಕು. ಹೌದೆಂಬ ಉತ್ತರ ಬಂದು, ಮನೆಯ ಲೆಕ್ಕವೂ ಹೊಂದಿದರೆ ಧೈರ್ಯದಿಂದ ಸೇರಬಹುದು. ಉತ್ತರ ಹೌದಾಗಿದ್ದು ಲೆಕ್ಕ ಹೊಂದದಿದ್ದರೆ ನಿರಾಶೆ ಬೇಡ. ಊರಿನ ಕಾಲೇಜಿನಲ್ಲಿ ಮೂರು ವರ್ಷ ಚೆನ್ನಾಗಿ ಓದಿದವರಿಗೂ ಸ್ನಾತಕೋತ್ತರ ತರಗತಿಯ ಬಾಗಿಲು ತೆರೆದೇ ಇರುತ್ತದೆ. ಪದವಿಯ ಹೆಸರಿನ ಮುಂದೆ ಆನರ್ಸ್ ಎಂಬ ಶಬ್ದವನ್ನು ವಿಶ್ವವಿದ್ಯಾಲಯವು ಸೇರಿಸುವುದು. ಆ ಶಬ್ದಕ್ಕೆ ತಕ್ಕ ಓದನ್ನು ವಿದ್ಯಾರ್ಥಿಯೇ ಓದಬೇಕು.