ಸೈಕಲ್ ಏರುವ ಮತ್ತು ಇಳಿಯುವ ಕ್ರಮ

ಸುವರ್ಣ ಮಹೋತ್ಸವದ ಈ ಸಂಚಿಕೆಗೆ ವ್ಯಾಕರಣದ ಕುರಿತು ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದ್ದರು. ನಾನು ಸೈಕಲ್ಲಿನ ಪಾಠ ಬರೆದಿದ್ದೇನೆ, ಕಾರಣವಿದೆ. ಬಹಳ ವರ್ಷಗಳ ಹಿಂದೆ, ಏಳನೆಯ ಇಯತ್ತೆ ಮುಗಿಸಿದ ನನ್ನ ವಿದ್ಯಾರ್ಥಿನಿಯೊಬ್ಬಳು ದೂರದ ಹೈಸ್ಕೂಲಿಗೆ ಹೋಗಲೆಂದು ಅಣ್ಣನ ಸೈಕಲ್ ಕಲಿಯುತ್ತಿದ್ದಳು. ನಿಲ್ಲಿಸುವಾಗ ಸೀಟಿನ ಮೇಲೆ ಕುಳಿತೇ ಕಾಲು ಚಾಚಿದಳು. ನೆಲ ಎಟುಕಲಿಲ್ಲ. ಬಿದ್ದು ಮಣಿಕಟ್ಟು ಮುರಿಯಿತು. ಮನೆಯವರು ಸೈಕಲ್ಲನ್ನೂ ಬಿಡಿಸಿದರು, ಓದನ್ನೂ ಬಿಡಿಸಿದರು. ಆಕೆಗೆ ಸಂಧಿ ಸಮಾಸಗಳನ್ನೆಲ್ಲ ಕಲಿಸಿದ್ದ ನಾನು ಇದೊಂದನ್ನು ಹೇಳಿಕೊಟ್ಟಿರಲಿಲ್ಲ.

ನಾವೆಲ್ಲ ತಾಸಿನ ಬಾಡಿಗೆಗೆ ಸೈಕಲ್ ತಂದು, ಒಳಪೆಡಲು ತುಳಿದು ಕಲಿತವರು. ದೊಡ್ಡವರಾದ ಮೇಲೆ ಎಡಪೆಡಲಿನ ಮೇಲೆ ಕಾಲಿಟ್ಟು, ಬಲಗಾಲಿನಿಂದ ನೆಲವನ್ನು ಮೀಟುತ್ತ ಹೋಗಿ, ಆ ಕಾಲನ್ನು ಹಿಂದಿನಿಂದ ಎತ್ತಿ ಹಾಕುತ್ತಿದ್ದೆವು. ನೋಡಲು ಚೆಂದ. ಆದರೆ ಭಾರವೆಲ್ಲ ಒಂದೇ ಬದಿಗಿದ್ದು ಗಾಡಿ ವಾಲುತ್ತದೆ. ಕ್ಯಾರಿಯರಿನ ಮೇಲೆ ಜೋಳದ ಚೀಲವಿದ್ದರಂತೂ ಕಾಲು ದಾಟುವುದೇ ಇಲ್ಲ.

ಸುರಕ್ಷಿತವಾದ ಕ್ರಮ ಹೀಗಿದೆ. ಬ್ರೇಕು ಹಿಡಿದು, ಸೈಕಲ್ಲನ್ನು ತುಸು ತನ್ನತ್ತ ವಾಲಿಸಿ, ಒಂದು ಕಾಲನ್ನು ಆಚೆ ದಾಟಿಸಿ, ಸೀಟಿನ ಮುಂದೆ ಎರಡೂ ಕಾಲೂರಿ ನಿಲ್ಲಬೇಕು. ಇನ್ನೂ ಕುಳಿತುಕೊಳ್ಳಬಾರದು. ಬಲಪೆಡಲನ್ನು ಪಾದದಿಂದ ಮೇಲೆತ್ತಿ, ಬಲಗಡೆಯಿಂದ ನೋಡಿದರೆ ಗಡಿಯಾರದ ಮುಳ್ಳು ಎರಡು ಗಂಟೆಗೆ ಇರುವ ಸ್ಥಾನಕ್ಕೆ ತರಬೇಕು. ಬ್ರೇಕು ಬಿಟ್ಟು ಅದರ ಮೇಲೆ ಎದ್ದು ನಿಂತರೆ, ಆ ಒಂದೇ ತುಳಿತಕ್ಕೆ ಗಾಡಿ ಮುಂದೆ ಸಾಗುತ್ತದೆ, ದೇಹವೂ ಸೀಟಿನ ಎತ್ತರಕ್ಕೆ ಏರುತ್ತದೆ. ಆಗ ಕುಳಿತುಕೊಳ್ಳಬೇಕು. ಎಡಪೆಡಲನ್ನು ಕಾಲೇ ಹುಡುಕಿಕೊಳ್ಳಲಿ. ದೃಷ್ಟಿ ದಾರಿಯ ಮೇಲಿರಲಿ.

ನಿಲ್ಲುವುದು ಇದಕ್ಕೆ ವಿಲೋಮ. ಕುಳಿತಿರುವಾಗಲೇ ಎರಡೂ ಬ್ರೇಕುಗಳಿಂದ ವೇಗ ತಗ್ಗಿಸಿ, ಕೆಳಗೆ ಬಂದ ಬಲಪೆಡಲಿನ ಮೇಲೆ ಭಾರ ಹಾಕಿ ಸೀಟಿನಿಂದ ಮುಂದಕ್ಕೆ ಜಾರಬೇಕು. ಗಾಡಿ ನಿಲ್ಲುವ ಕ್ಷಣದಲ್ಲಿ ಎಡಗಾಲೂರಬೇಕು. ಎಡಗಾಲೇ ಏಕೆಂದರೆ, ವಾಹನಗಳು ನಮ್ಮ ಬಲಗಡೆಯಿಂದ ಹಾಯುತ್ತವೆ. ಮುಂದಿನ ಬ್ರೇಕಿಗೆ ಹಿಡಿತ ಹೆಚ್ಚು, ಏಕೆಂದರೆ ನಿಲ್ಲಿಸುವಾಗ ಭಾರವು ಮುಂಗಾಲಿಯ ಮೇಲೆ ಬೀಳುತ್ತದೆ. ಫಕ್ಕನೆ ಒತ್ತಿದರೆ ಮುಗ್ಗರಿಸುವುದೂ ಅದರಿಂದಲೇ. ನಮ್ಮ ಅಕ್ಕಲಕೋಟ ಭಾಗದ ಎರೆಮಣ್ಣು ನೆನೆದಾಗ ಅದನ್ನು ಬಹು ಮೃದುವಾಗಿ ಬಳಸಬೇಕು.

ಈ ಕ್ರಮ ತಿಳಿಯದವರು ಸೀಟನ್ನು ತಗ್ಗಿಸುತ್ತಾರೆ, ಮೊಣಕಾಲು ನೋಯಿಸಿಕೊಳ್ಳುತ್ತಾರೆ. ತೀರ ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿಯಿಟ್ಟಾಗ ಕಾಲು ನೇರವಾಗಬೇಕು. ಅದೇ ತಕ್ಕ ಎತ್ತರ. ತುಳಿಯುವುದು ಮಾತ್ರ ಮುಂಬಾದದಿಂದ.

ಕಳೆದ ದೀಪಾವಳಿಯ ರಜೆಯಲ್ಲಿ ಅದೇ ವಿದ್ಯಾರ್ಥಿನಿಯ ಮೊಮ್ಮಗಳಿಗೆ ಶಾಲೆಯ ಅಂಗಳದಲ್ಲಿ ಇದನ್ನು ಕಲಿಸಿದೆ. ನಾಲ್ಕನೆಯ ದಿನ ಹುಡುಗಿ ತಾನೇ ಏರಿ, ಸುತ್ತು ಹಾಕಿ, ನಿಲ್ಲಿಸಿ ಇಳಿದಳು. ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದ ಅಜ್ಜಿ, “ಇಷ್ಟ ಏನ್ರಿ, ಗುರುಗಳ?” ಎಂದಳು.