ಸೀಸನ್ ದುಡ್ಡಿನಲ್ಲಿ ವರ್ಷವಿಡೀ ಬದುಕು

ಆರ್ಕೆಸ್ಟ್ರಾ ಟೀಮ್‌ಗಳು ಹುಟ್ಟುತ್ತವೆ, ಒಡೆಯುತ್ತವೆ. ಮುಖ್ಯ ಗಾಯಕ ತನ್ನದೇ ಟೀಮ್ ಕಟ್ಟುತ್ತಾನೆ, ಮಾಲೀಕರು ಸೌಂಡ್ ಸಿಸ್ಟಂ ಬಾಡಿಗೆಗೆ ಇಳಿಯುತ್ತಾರೆ, ರಿದಂ ಪ್ಯಾಡಿನ ಹುಡುಗನಿಗೆ ಸರ್ಕಾರಿ ಕೆಲಸ ಸಿಗುತ್ತದೆ. ಮಂಡ್ಯ, ಮೈಸೂರು, ಬೆಂಗಳೂರು ಅಂತ ಒಂದಾದ ಮೇಲೊಂದು ಟೀಮಿನಲ್ಲಿ ಕೀಬೋರ್ಡ್ ನುಡಿಸಿ ಸಂಸಾರ ತೂಗಿಸಿದವನು ನಾನು. ಈ ವೃತ್ತಿಗೆ ಬರುವವರಿಗೆ ನಾನು ಮೊದಲು ಹೇಳುವ ಮಾತು ಇದು: ಟೀಮ್ ಇವತ್ತಿರುತ್ತದೆ, ನಾಳೆ ಇರುವುದಿಲ್ಲ. ನಿಮ್ಮ ವಾದ್ಯ ಮತ್ತು ನಿಮ್ಮ ಉಳಿತಾಯ ಅದರ ಹಣೆಬರಹವನ್ನು ನೆಚ್ಚಿಕೊಂಡಿರಬಾರದು.

ನಮ್ಮ ಆದಾಯ ನಡೆಯುವುದು ಪಂಚಾಂಗ ನೋಡಿಕೊಂಡು. ಗಣೇಶನ ಹಬ್ಬ ಬಂತೆಂದರೆ ಒಂದೇ ರಾತ್ರಿಗೆ ಎರಡು ಕಡೆಯಿಂದ ಕರೆ. ಆಮೇಲೆ ಪಿತೃಪಕ್ಷ, ಕೈ ಖಾಲಿ. ದಸರಾ ಆಗಿ ನವೆಂಬರ್ ಹುಟ್ಟಿದರೆ ತಿಂಗಳು ಪೂರ್ತಿ ರಾಜ್ಯೋತ್ಸವ. ಧನುರ್ಮಾಸದಲ್ಲಿ ಮದುವೆ ಇಲ್ಲ, ರಿಸೆಪ್ಷನ್ನೂ ಇಲ್ಲ. ಸಂಕ್ರಾಂತಿ ಕಳೆದ ಮೇಲೆ ಜಾತ್ರೆ, ಲಗ್ನ. ಆಷಾಢದಲ್ಲಿ ಮತ್ತೆ ಬರಗಾಲ. ಮನೆ ಬಾಡಿಗೆ, ಮಕ್ಕಳ ಫೀಸು, ಗ್ಯಾಸ್ ಸಿಲಿಂಡರು ಮಾತ್ರ ಪಂಚಾಂಗ ಕೇಳುವುದಿಲ್ಲ.

ಮಂಡ್ಯದಲ್ಲಿ ನಾನು ಸೇರಿದ ಮೊದಲ ಟೀಮ್ ಕಾಲೇಜು ಗೆಳೆಯರದು. ಅಡ್ವಾನ್ಸ್ ಬಂದದ್ದು ವ್ಯಾನಿನ ಡೀಸೆಲ್‌ಗೆ, ಉಳಿದದ್ದು ಊಟಕ್ಕೆ ಸರಿಹೋಗುತ್ತಿತ್ತು. ಆದರೂ ಕೆಲಸ ಕಲಿತದ್ದು ಅಲ್ಲೇ. ಗಾಯಕಿಗೆ ಶೀತವಾಗಿದ್ದರೆ ಹಾಡು ಶುರುವಾಗುವ ಮೊದಲೇ ಟ್ರಾನ್ಸ್‌ಪೋಸ್ ಒತ್ತಿ ಅರ್ಧ ಸ್ವರ ಇಳಿಸುವುದು, ಕೊಳಲಿನವನು ಬಾರದ ದಿನ ಆ ಪೀಸನ್ನು ಬಲಗೈಯಲ್ಲಿ ತುಂಬಿಕೊಡುವುದು, ಎಲ್ಲ. ಮೈಸೂರಿನ ಟೀಮಿಗೆ ಸೆಕೆಂಡ್ ಕೀಬೋರ್ಡ್ ಆಗಿ ಹೋದಾಗ ಪ್ರೋಗ್ರಾಂ ಮುಗಿದ ರಾತ್ರಿಯೇ ವ್ಯಾನಿನ ಪಕ್ಕ ನಿಂತು ದುಡ್ಡಿನ ಕವರ್ ಹಂಚುತ್ತಿದ್ದರು. ಆ ಶಿಸ್ತಿಗೆ ನಾನು ಇಂದಿಗೂ ಋಣಿ. ಬೆಂಗಳೂರಿನ ಒಂದು ರಿಸೆಪ್ಷನ್ ಟೀಮ್ ಒಡೆದಾಗ ಬಾಕಿ ಹಣ ಯಾರ ಕೈಗೂ ಬರಲಿಲ್ಲ. ಅಂದಿನಿಂದ ತಾರೀಕು, ಊರು, ಒಪ್ಪಿದ ಮೊತ್ತ, ಬಂದದ್ದು, ಬಾಕಿ ಎಲ್ಲವನ್ನೂ ಡೈರಿಯಲ್ಲಿ ಬರೆಯುತ್ತೇನೆ, ಒಪ್ಪಿದ ಮೊತ್ತವನ್ನು ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಹಾಕಿಸಿಕೊಳ್ಳುತ್ತೇನೆ.

ಇನ್ನು ವಾದ್ಯದ ಲೆಕ್ಕ. ಬಯಲಿನ ವೇದಿಕೆಯಲ್ಲಿ ನಡುರಾತ್ರಿ ಇಬ್ಬನಿ ಬೀಳುತ್ತದೆ, ಜಾತ್ರೆಯಲ್ಲಿ ಧೂಳು ಏಳುತ್ತದೆ. ಎರಡೂ ಕೀಗಳ ಸಂದಿಯಲ್ಲಿಳಿದು ಕೆಳಗಿನ ರಬ್ಬರ್ ಪಟ್ಟಿಯ ಮೇಲೆ ಕೂರುತ್ತವೆ. ಆಮೇಲೆ ಮೆಲ್ಲಗೆ ಮುಟ್ಟಿದರೂ ಒಂದು ಕೀ ಕಿರುಚುತ್ತದೆ, ಅದರ ಪಕ್ಕದ್ದು ಬಾಯಿ ಬಿಡುವುದಿಲ್ಲ. ಜನರೇಟರ್ ವೋಲ್ಟೇಜ್ ಏರಿಳಿದರೆ ಅಡಾಪ್ಟರ್ ಸುಡುತ್ತದೆ. ಯಮಹಾ ಪಿಎಸ್‌ಆರ್ ಇರಲಿ, ರೋಲ್ಯಾಂಡ್ ಎಕ್ಸ್‌ಪಿಎಸ್ ಇರಲಿ, ಕಾರ್ಗ್ ಇರಲಿ, ಯಾವುದೂ ಇದಕ್ಕೆ ಹೊರತಲ್ಲ. ವಾದ್ಯ ಸವೆಯುವುದು ಖಚಿತ, ಆದ್ದರಿಂದ ಅದಕ್ಕೆಂದೇ ಹಣ ಕೂಡುತ್ತಿರಬೇಕು. ಪ್ರತಿ ಪೇಮೆಂಟಿನಲ್ಲಿ ಶೇ 10ರಷ್ಟು ಬೇರೊಂದು ಖಾತೆಗೆ ಹಾಕುತ್ತೇನೆ. ರಿಪೇರಿ, ಸ್ಟ್ಯಾಂಡು, ಕೇಸು, ಮುಂದಿನ ಕೀಬೋರ್ಡು ಎಲ್ಲಕ್ಕೂ ಅದೇ ಖಾತೆ. ಮದುವೆ ಸೀಸನ್ನಿನ ನಡುವೆ ವಾದ್ಯ ಕೈಕೊಟ್ಟಾಗ ಬಡ್ಡಿಯವರ ಬಾಗಿಲಿಗೆ ಹೋಗದಂತೆ ನನ್ನನ್ನು ಕಾಪಾಡಿದ್ದು ಆ ದುಡ್ಡು.

ಉಳಿದದ್ದನ್ನು ಸಂಬಳವಾಗಿ ಮಾಡಿಕೊಳ್ಳುವ ಬಗೆ ಹೀಗೆ. ವರ್ಷಕ್ಕೆ 2,40,000 ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳಿ. ವಾದ್ಯಕ್ಕೆ 24,000, ಉಳಿತಾಯಕ್ಕೆ ಶೇ 15ರಂತೆ 36,000 ತೆಗೆದರೆ 1,80,000 ಉಳಿಯಿತು. ಮನೆಗೆ ತಿಂಗಳಿಗೆ 15,000 ಕೊಡಿ, ಗಣೇಶನ ಹಬ್ಬದಲ್ಲೂ ಅಷ್ಟೇ, ಆಷಾಢದಲ್ಲೂ ಅಷ್ಟೇ. ಸೀಸನ್ನಿನಲ್ಲಿ ಜೇಬು ತುಂಬಿದಾಗ ಈ ಕಟ್ಟುಪಾಡು ಕಷ್ಟವೆನಿಸುತ್ತದೆ. ಕೆಲಸವಿಲ್ಲದ ತಿಂಗಳಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಉಳಿತಾಯಕ್ಕೆ ನಾನು ನೆಚ್ಚಿದ್ದು ಪಿಪಿಎಫ್. ಆರ್‌ಡಿ ಕಟ್ಟಿದರೆ ತಿಂಗಳು ತಿಂಗಳು ಕಂತು ತಪ್ಪುವಂತಿಲ್ಲ, ನಮ್ಮಂಥವರಿಗೆ ಅದು ಹೊಂದುವುದು ಕಷ್ಟ. ಪಿಪಿಎಫ್‌ನಲ್ಲಿ ವರ್ಷಕ್ಕೆ ಕನಿಷ್ಠ 500 ರೂಪಾಯಿ, ಗರಿಷ್ಠ ಒಂದೂವರೆ ಲಕ್ಷ. ದುಡ್ಡು ಬಂದ ತಿಂಗಳಲ್ಲಿ ಹೆಚ್ಚು ಹಾಕಬಹುದು, ಬಾರದ ತಿಂಗಳಲ್ಲಿ ಸುಮ್ಮನಿರಬಹುದು. 15 ವರ್ಷದ ಅವಧಿ ಎಂಬುದೂ ಒಳ್ಳೆಯದೇ, ಟೀಮ್ ಒಡೆದ ಬೇಸರದಲ್ಲಿ ಸುಲಭವಾಗಿ ಕೈ ಹಾಕುವಂತಿಲ್ಲ. 18ರಿಂದ 40 ವರ್ಷದೊಳಗಿದ್ದು ಆದಾಯ ತೆರಿಗೆ ಕಟ್ಟದವರು ಅಟಲ್ ಪಿಂಚಣಿಗೂ ಸೇರಬಹುದು. 60 ದಾಟಿದ ಮೇಲೆ ತಿಂಗಳಿಗೆ 1,000ದಿಂದ 5,000 ರೂಪಾಯಿವರೆಗೆ ಪಿಂಚಣಿ. ಕಂತನ್ನು ಆರು ತಿಂಗಳಿಗೊಮ್ಮೆ ಕಟ್ಟಲೂ ಅವಕಾಶವಿದೆ.

ಇನ್ನೊಂದು ಮಾತು ಮರೆಯಬೇಡಿ. ಪ್ರೋಗ್ರಾಂ ಮುಗಿಸಿ ಸರಿರಾತ್ರಿಯಲ್ಲಿ ಹೆದ್ದಾರಿ ಹಿಡಿಯುವವರು ನಾವು, ಡ್ರೈವರ್ ಕಣ್ಣು ಎಳೆಯುತ್ತಿರುತ್ತದೆ. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ ಬರೀ 20 ರೂಪಾಯಿ. ಅಪಘಾತದಲ್ಲಿ ಜೀವ ಹೋದರೆ ಮನೆಯವರಿಗೆ 2 ಲಕ್ಷ ಸಿಗುತ್ತದೆ. ಟೀಮಿನ ಪ್ರತಿಯೊಬ್ಬರೂ, ಲೈಟ್ ಹುಡುಗರೂ ಸೇರಿ, ಇದನ್ನು ಮಾಡಿಸಿಕೊಳ್ಳಲೇಬೇಕು. ಕಂಪನಿ ಕಾರ್ಯಕ್ರಮದವರು ಟಿಡಿಎಸ್ ಹಿಡಿದಿದ್ದರೆ ರಿಟರ್ನ್ಸ್ ಸಲ್ಲಿಸಿ. ತೆರಿಗೆ ಬಾರದಷ್ಟು ಆದಾಯವಿದ್ದರೆ ಆ ಹಣ ವಾಪಸು ಬರುತ್ತದೆ, ನಾಳೆ ಸಾಲ ಕೇಳಲು ಹೋದಾಗ ಬ್ಯಾಂಕಿನವರಿಗೆ ತೋರಿಸಲು ಕಾಗದವೂ ಇರುತ್ತದೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಬಂದಾಗ ಜಾತ್ರೆ, ಮದುವೆ, ಗಣೇಶ ಎಲ್ಲವೂ ನಿಂತವು. ಎಷ್ಟೋ ಒಳ್ಳೆಯ ವಾದಕರು ಕೀಬೋರ್ಡ್ ಮಾರಿ ಬೇರೆ ಕೆಲಸ ಹಿಡಿದರು, ಅವರಲ್ಲಿ ಕೆಲವರು ವೇದಿಕೆಗೆ ಮರಳಲೇ ಇಲ್ಲ. ಅವರ ಕೈಚಳಕಕ್ಕೆ ಕುಂದಿರಲಿಲ್ಲ, ಆರು ತಿಂಗಳ ಖರ್ಚಿನ ಹಣವಿದ್ದಿದ್ದರೆ ಅವರು ಇಂದೂ ನುಡಿಸುತ್ತಿರುತ್ತಿದ್ದರು ಎಂದು ನಾನು ನಂಬಿದ್ದೇನೆ. ನಾನು ಕೂಡಿಟ್ಟಿದ್ದರಲ್ಲಿ ಮನೆ ನಡೆಸುತ್ತಾ, ಮಕ್ಕಳಿಗೆ ಫೋನಿನಲ್ಲಿ ಕೀಬೋರ್ಡ್ ಪಾಠ ಹೇಳುತ್ತಾ ಆ ಕಾಲ ದಾಟಿದೆ. ಪಾಠ ಇಂದಿಗೂ ನಡೆದಿದೆ, ಕರೋಕೆ ಟ್ರ್ಯಾಕ್ ಹಾಕಿ ಹಾಡಿಸುವವರು ಹೆಚ್ಚಿರುವ ಈಗ ಅದೇ ನನ್ನ ಎರಡನೇ ಆದಾಯ.

ಆದ್ದರಿಂದ ಮುಂದಿನ ಸೀಸನ್ನಿನ ಮೊದಲ ಕವರ್ ಕೈಗೆ ಬರುವ ಮೊದಲೇ ಎರಡು ಖಾತೆ ತೆರೆಯಿರಿ, ಒಂದು ವಾದ್ಯಕ್ಕೆ, ಇನ್ನೊಂದು ಮನೆಗೆ. ಕೈಯಲ್ಲಿ ಹಣವಿರುವ ವಾದಕ ಬಾಕಿ ಉಳಿಸಿಕೊಳ್ಳುವ ಟೀಮಿಗೆ ಆಗುವುದಿಲ್ಲ ಎನ್ನಬಲ್ಲ, ಒಳ್ಳೆಯ ಟೀಮಿಗಾಗಿ ಒಂದು ಸೀಸನ್ ಕಾಯಬಲ್ಲ. ಸಂಗೀತವನ್ನೇ ನಂಬಿ ಬದುಕುವವರಿಗೆ ಆ ಸ್ವಾತಂತ್ರ್ಯ ಬೇಕು.